ಗಡಿಗೆಯಲ್ಲಿಟ್ಟ ದಿನ

ತಮ್ಮೂರು ಯೆರೂಸಲೇಮು ಬಿದ್ದ ಸುದ್ದಿಯೂ ಮಗಳು ಹೋದ ಸುದ್ದಿಯೂ ಅಜ್ರೀಕಾಮನ ಮನೆಗೆ ಒಂದೇ ಬೆಳಿಗ್ಗೆ ಬಂದವು. ಅಂದು ಹತ್ತನೆಯ ತಿಂಗಳ ಎರಡನೆಯ ದಿನ. ಅವನು ಅಂಗಳದ ಗುಂಡಿಯಲ್ಲಿ ನಿಂತು ಮಣ್ಣು ತುಳಿಯುತ್ತಿದ್ದ. ಚಳಿಗಾಲದ ಮಣ್ಣು ಮೂಳೆಯವರೆಗೂ ಕೊರೆಯುತ್ತದೆಂದು ಹೆಂಡತಿ ಹೊಗ್ಲಾ ಒಂದು ಕೊಡ ಬಿಸಿನೀರು ತಂದು ಗುಂಡಿಗೆ ಸುರಿದು ಆಗಷ್ಟೇ ಒಳಗೆ ಹೋಗಿದ್ದಳು. ಕಾಲುವೆಯ ಏರಿಯ ಮೇಲೆ ಒಬ್ಬ ಮನುಷ್ಯ ಕಾಲೆಳೆಯುತ್ತ ಬರುತ್ತಿದ್ದ. ಅವನ ಹಿಂದೆ ಹತ್ತು ಹನ್ನೆರಡು ಜನ. ಯಾರೂ ಮಾತಾಡುತ್ತಿರಲಿಲ್ಲ. ತನ್ನ ಜನ ಮಾತಾಡದೆ ಗುಂಪಾಗಿ ಬರುವುದನ್ನು ಅಜ್ರೀಕಾಮನು ಬಾಬೆಲಿನ ಹನ್ನೊಂದು ವರ್ಷದ ಸೆರೆವಾಸದಲ್ಲಿ ಕಂಡೇ ಇರಲಿಲ್ಲ. ತುಳಿಯುತ್ತಿದ್ದ ಕಾಲು ತಾನಾಗಿ ನಿಂತಿತು.

"ಕುಂಬಾರ ಅಜ್ರೀಕಾಮ ಅಂದ್ರೆ ಯಾರು?" ಎಂದು ಬಂದವನು ಕೇಳಿದ.

"ನಾನೇ. ನೀನ್ಯಾರಪ್ಪ?"

"ಶೆಫಟ್ಯ ಅಂತ. ರೊಟ್ಟಿಯವರ ಬೀದಿ. ನಿಮ್ಮ ಅಳಿಯನ ಮನೆಗೂ ನಮ್ಮನೆಗೂ ನಡುವೆ ಒಂದೇ ಗೋಡೆ." ಅವನು ತಿದ್ದಿಕೊಂಡ: "ಗೋಡೆ ಇತ್ತು ಅನ್ಬೇಕು. ಊರು ಹೋಯ್ತು ಯಜಮಾನ್ರೇ. ದೇವಾಲಯಾನೂ ಸುಟ್ಟುಬಿಟ್ರು."

ಹೊಗ್ಲಾ ಬಾಗಿಲಿಗೆ ಬಂದಿದ್ದಳು. ಅವಳು ಊರಿನ ಬಗ್ಗೆ ಕೇಳಲಿಲ್ಲ, ದೇವಾಲಯದ ಬಗ್ಗೆಯೂ ಕೇಳಲಿಲ್ಲ.

"ನನ್ನ ಅತಾರಾ?"

ಶೆಫಟ್ಯನು ಗುಂಡಿಯ ಅಂಚಿನಲ್ಲಿ ಕುಳಿತುಕೊಂಡ. ಅವನ ಎಡಗಾಲಿಗೆ ಸುತ್ತಿದ್ದ ಬಟ್ಟೆ ರಕ್ತ ಒಣಗಿ ತೊಗಲಿನಂತೆ ಗಟ್ಟಿಯಾಗಿತ್ತು.

"ಅವಳು ಈಗ ಹೋದೋಳಲ್ಲ ಅಮ್ಮ. ಈ ತಿಂಗಳಿಗೆ ಮೂರು ವರ್ಷ. ಸೈನ್ಯ ಬಂದ ದಿನವೇ. ಬೆಳಿಗ್ಗೆ ನೀರಿಗೆ ಅಂತ ಬುಗ್ಗೆಗೆ ಇಳಿದಿದ್ಲು. ಬಡಗಣ ಗುಡ್ಡದ ಮೇಲೆ ಕುದುರೆ ಕಂಡ್ವು. ಹೊರಗಿದ್ದೋರೆಲ್ಲ ಒಟ್ಟಿಗೇ ಬಾಗಿಲಿಗೆ ಓಡಿಬಂದ್ರು, ಕಾವಲಿನೋರು ಬಾಗಿಲು ನೂಕ್ತಾ ಇದ್ರು. ಆ ನೂಕಾಟದಲ್ಲಿ ಬಿದ್ಲು. ನಾವು ನಾಲ್ಕು ಜನ ದಿಡ್ಡಿಬಾಗಿಲಿಂದ ಹೋಗಿ ಎತ್ಕೊಳ್ಳೋ ಹೊತ್ಗೆ ಮುಗಿದಿತ್ತು."

ಶೆಫಟ್ಯನು ಕಾಲಿನ ಬಟ್ಟೆಯನ್ನು ಸರಿಮಾಡಿಕೊಂಡು ಮುಂದುವರಿಸಿದ.

"ಸೈನ್ಯ ಇನ್ನೂ ಪೂರ್ತಿ ಸುತ್ತಿರ್ಲಿಲ್ಲ. ಹೊತ್ತು ಮುಳುಗೋದ್ರೊಳಗೆ ನಿಮ್ಮ ಹಿರಿಯರ ಗವೀಲೇ ಮಲಗಿಸಿ ಬಂದ್ವಿ. ಅವಳಿಗೆ ಮಣ್ಣು ಸಿಕ್ತು ಅಮ್ಮ. ಆಮೇಲೆ ನಮ್ಮ ಬೀದೀಲಿ ಯಾರಿಗೂ ಸಿಗ್ಲಿಲ್ಲ. ಅವಳ ಗಂಡನಿಗೂ ಸಿಗ್ಲಿಲ್ಲ. ಎರಡನೇ ವರ್ಷದ ಹಸಿವಿನಲ್ಲಿ ಅವನು ಹೋದಾಗ ನಾವೆಲ್ಲ ಅಂದ್ಕೊಂಡ್ವಿ, ಅತಾರಾ ಪುಣ್ಯವಂತೆ ಅಂತ."

ಹೊಗ್ಲಾ ನೆಲದ ಮೇಲೆ ಕುಳಿತಳು. ತಲೆಯ ಮೇಲಿನ ಬಟ್ಟೆಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, ಅಂಚನ್ನು ಬೆರಳಿಂದ ಹರಿದಳು. ಆ ಸದ್ದು ಅಂಗಳಕ್ಕೆಲ್ಲ ಕೇಳಿಸಿತು.

"ದಿನ ಯಾವುದಪ್ಪ?" ಎಂದಳು.

"ಹತ್ತನೇ ತಿಂಗಳ ಹತ್ತು. ಅದನ್ನ ಮರೆಯೋದುಂಟಾ? ಆಮೇಲೆ ಪ್ರತಿ ವರ್ಷ ಆ ದಿನ ಇಡೀ ಊರು ಉಪವಾಸ ಮಾಡ್ತಿತ್ತು." ಶೆಫಟ್ಯನ ತುಟಿ ಸ್ವಲ್ಪ ಸೊಟ್ಟಗಾಯಿತು. "ಉಳಿದ ದಿನ ತಿಂತಿದ್ವಿ ಅಂತೇನಲ್ಲ ಅನ್ನಿ."

ಆಗ ಗುಂಪಿನಿಂದ ಯಾಜನ್ಯನು ಮುಂದೆ ಬಂದ. ಕಾಲುವೆಯ ಈ ದಡದ ನಮ್ಮವರಿಗೆಲ್ಲ ಹಿರಿಯನೆನಿಸಿಕೊಂಡವನು. ಎತ್ತರದ ಆಳು, ಜೋರು ಬಾಯಿ. ಅವನ ಇಬ್ಬರು ತಮ್ಮಂದಿರು ಊರಿನಲ್ಲೇ ಉಳಿದಿದ್ದರು. ಅವರ ಹೆಸರೆತ್ತಿ ಕೇಳುವ ಧೈರ್ಯ ಅವನಿಗಿನ್ನೂ ಬಂದಿರಲಿಲ್ಲ. ಕೇಳಬೇಕಾದ್ದನ್ನು ಬಿಟ್ಟು ಬೇರೊಂದನ್ನು ಹಿಡಿದುಕೊಳ್ಳುವುದು ಮನುಷ್ಯನ ಸ್ವಭಾವ.

"ಹತ್ತು ಅಂದ್ಯಲ್ಲ? ಸರಿ. ಹಾಗಾದ್ರೆ ಆ ಗಡಿಗೆ ತೆಗೀರಿ."

ಗಡಿಗೆ ಎಲ್ಲರಿಗೂ ನೆನಪಿತ್ತು. ಮೂರು ವರ್ಷದ ಹಿಂದೆ, ಇದೇ ತಿಂಗಳಲ್ಲಿ, ಪ್ರವಾದಿ ಯೆಕಮ್ಯನು ಒಂದು ಬೆಳಿಗ್ಗೆ ಅಜ್ರೀಕಾಮನ ಅಂಗಳಕ್ಕೆ ಬಂದಿದ್ದ. ಅವನು ಯಾಜಕರ ಮನೆತನದವನು. ಬಲಿಪೀಠವಿಲ್ಲದ ನಾಡಿಗೆ ಬಂದು ಮಾಡಲು ಕೆಲಸವಿಲ್ಲದವನು. ಹೆಚ್ಚು ಮಾತಾಡುವವನಲ್ಲ, ಆದರೆ ಆಗೊಮ್ಮೆ ಈಗೊಮ್ಮೆ ದೇವರ ಮಾತು ಅವನಿಗೆ ಬರುತ್ತಿತ್ತು, ಬಂದಾಗ ಅವನ ಮುಖ ಜ್ವರ ಬಿಟ್ಟವನ ಮುಖದಂತೆ ಆಗುತ್ತಿತ್ತು. ಆ ಬೆಳಿಗ್ಗೆ ಅವನು ಒಡೆದ ಮಡಕೆಯ ಒಂದು ಬೋಕಿ ಕೇಳಿದ್ದ.

"ಬರೆಯೋಕಾ ಅಯ್ಯನೋರೇ? ದೊಡ್ಡ ಮಾತಾದ್ರೆ ದೊಡ್ಡ ಬೋಕಿ ತಗೊಳ್ಳಿ. ಇಲ್ಲಿ ಒಡೆದದ್ದಕ್ಕೇನೂ ಬರ ಇಲ್ಲ," ಎಂದು ಅಜ್ರೀಕಾಮನು ನಕ್ಕಿದ್ದ.

ಯೆಕಮ್ಯನು ನಕ್ಕಿರಲಿಲ್ಲ. ಅಲ್ಲೇ ಕುಳಿತು ಮಸಿಯಲ್ಲಿ ಎರಡು ಸಾಲು ಬರೆದು, ಆರು ಜನ ಹಿರಿಯರನ್ನು ಕರೆಸಿದ್ದ. "ಈ ದಿನ ಯೆರೂಸಲೇಮಿಗೆ ಮುತ್ತಿಗೆ ಬಿತ್ತು. ಅಲ್ಲಿಂದ ಇಲ್ಲಿಗೆ ನಾಲ್ಕು ತಿಂಗಳ ದಾರಿ. ಮನುಷ್ಯನ ಬಾಯಿಂದ ಸುದ್ದಿ ಬರುವ ದಿನ ಇದನ್ನು ತೆಗೆದು ನೋಡಿ," ಎಂದಿದ್ದ. ಬೋಕಿಯನ್ನು ಒಂದು ಹೊಸ ಗಡಿಗೆಯಲ್ಲಿಟ್ಟು, ಬಾಯಿಗೆ ಮುಚ್ಚಳ ಹಾಕಿ, ಸುತ್ತಲೂ ಕಪ್ಪು ಅರಗು ಮೆತ್ತಿದ್ದರು. ನಮ್ಮೂರಲ್ಲಿ ಹೊಲದ ಪತ್ರಗಳನ್ನು ಇಡುತ್ತಿದ್ದದ್ದೂ ಹೀಗೆಯೇ. ಗಡಿಗೆ ಮೂರು ವರ್ಷ ಮಡಕೆ ಸುಡುವ ಆವಿಗೆಯ ಹಿಂದಿನ ಗೂಡಿನಲ್ಲಿತ್ತು. ಮುತ್ತಿಗೆ ಬಿದ್ದದ್ದು, ಊರು ಹಸಿದದ್ದು, ಇವೆಲ್ಲ ವರ್ತಕರ ಬಾಯಿಂದ ತುಣುಕು ತುಣುಕಾಗಿ ಬಂದಿದ್ದವು. ದಿನವನ್ನು ಹೇಳಬಲ್ಲ, ನಮ್ಮವನೇ ಆದ ಒಬ್ಬ ಮನುಷ್ಯ ಬಂದದ್ದು ಇಂದೇ.

ಯೆಕಮ್ಯನಿಗೆ ಹೇಳಿಕಳಿಸಿದರು. ಅವನು ಬಂದು ಬೇಲಿಯ ಹತ್ತಿರ ನಿಂತ. ಯಾಜನ್ಯನೇ ಅರಗನ್ನು ಕೆರೆದು ತೆಗೆದು, ಬೋಕಿಯನ್ನು ಬಿಸಿಲಿಗೆ ಹಿಡಿದು ಓದಿದ: "ಸೆರೆಯ ಒಂಬತ್ತನೆಯ ವರ್ಷ, ಹತ್ತನೆಯ ತಿಂಗಳು, ಹನ್ನೊಂದನೆಯ ದಿನ. ಇಂದು ಬಾಬೆಲಿನ ಅರಸನ ದಂಡು ನಮ್ಮೂರಿನ ಬಾಗಿಲ ಮುಂದೆ ಇಳಿಯಿತು."

"ಹನ್ನೊಂದು!" ಎಂದು ಅವನು ಬೋಕಿಯನ್ನು ಕೆಳಗಿಳಿಸಿದ. "ಏನಯ್ಯಾ ಯೆಕಮ್ಯ, ನಿನ್ನ ದೇವರಿಗೆ ಎಣಿಕೆ ಬರಲ್ವಾ? ಇಲ್ಲಾ ನಿನಗೆ ಸುದ್ದಿ ತರೋ ದೂತ ಕುಂಟುಗತ್ತೆ ಹತ್ತಿ ಒಂದು ದಿನ ತಡವಾಗಿ ಬಂದನೋ?"

ಯಾರೂ ನಗಲಿಲ್ಲ. ಯೆಕಮ್ಯನು ಶಾಂತವಾಗಿಯೇ ಹೇಳಿದ: "ನೀವು ಎಣಿಸಿಕೊಟ್ಟ ದಿನವನ್ನೇ ನಾನು ಬರೆದೆ. ನನಗೆ ಕಂಡದ್ದು ದಿನ, ಸಂಖ್ಯೆ ನಿಮ್ಮದು."

ಅವನು ಯಾರನ್ನೂ ನೋಡಿ ಹೇಳಲಿಲ್ಲ. ಆದರೂ ಅಜ್ರೀಕಾಮನು ತಲೆ ತಗ್ಗಿಸಿದ. ಮಣ್ಣಿನ ಗುಂಡಿಯಲ್ಲಿ ಬಿಸಿನೀರು ಆರಿ ಕಾಲು ಮರಗಟ್ಟಿತ್ತು. ಅವನಿಗೆ ಅದು ತಿಳಿಯಲಿಲ್ಲ.

ಮಗಳಿಗಾಗಿ ಏಳು ದಿನ ಅವರು ನೆಲದ ಮೇಲೆ ಕುಳಿತರು. ಒಲೆ ಹಚ್ಚಲಿಲ್ಲ. ನೆರೆಯವರು ದುಃಖದ ರೊಟ್ಟಿಯನ್ನೂ ಒಂದೊಂದು ಬಟ್ಟಲು ಪಾನೀಯವನ್ನೂ ತಂದು ಕೈಗೆ ಕೊಟ್ಟು, ಪಕ್ಕದಲ್ಲಿ ಕುಳಿತು, ಎದ್ದು ಹೋಗುತ್ತಿದ್ದರು. ಯೆಕಮ್ಯನು ದಿನವೂ ಬರುತ್ತಿದ್ದ. ಗೋಡೆಗೆ ಒರಗಿ, ಇವರ ಹಾಗೆಯೇ ಬರಿನೆಲದಲ್ಲಿ ಕುಳಿತಿರುತ್ತಿದ್ದ. ಅವನನ್ನು ಕಂಡ ಕೆಲವರು ಬಾಗಿಲಿಂದಲೇ ರೊಟ್ಟಿ ಇಳಿಸಿ ಹೊರಟುಹೋಗುತ್ತಿದ್ದರು.

ಅಜ್ರೀಕಾಮನು ಮಗಳ ವಿಷಯ ನೆನೆಯಬೇಕೆಂದು ಕುಳಿತರೆ ಮನಸ್ಸು ದಿಬ್ಬದ ಮೇಲೆ ಹೋಗಿ ನಿಲ್ಲುತ್ತಿತ್ತು.

ಕಾಲುವೆಯ ತಿರುವಿನಲ್ಲಿ ಹಳೆಯ ಇಟ್ಟಿಗೆಗಳ ಒಂದು ದಿಬ್ಬವಿದೆ. ಪ್ರತಿ ತಿಂಗಳು ಇಪ್ಪತ್ತೊಂಬತ್ತರ ಸಂಜೆ ನಮ್ಮವರಲ್ಲಿ ಇಬ್ಬರು ಅದನ್ನು ಹತ್ತಿ ಪಡುವಣ ದಿಕ್ಕಿಗೆ ನೋಡುತ್ತಾರೆ. ಚಂದ್ರನ ಎಳೆ ಇಬ್ಬರಿಗೂ ಕಂಡರೆ ಕೊಂಬು ಊದುತ್ತಾರೆ, ಹೊಸ ತಿಂಗಳು ಆಗಲೇ ಹುಟ್ಟುತ್ತದೆ. ಕಾಣದಿದ್ದರೆ ಒಂದು ದಿನ ಕಾಯುತ್ತಾರೆ. ಬಾಬೆಲಿನವರಿಗೂ ತಮ್ಮ ಲೆಕ್ಕವಿದೆ. ಆದರೆ ಅದನ್ನು ನಮ್ಮವರು ಮುಟ್ಟುವುದಿಲ್ಲ. ಅರಸ ಹೋದ, ಬಲಿಪೀಠ ಹೋಯಿತು, ಹೊಲಮನೆ ಹೋದವು. ಚಂದ್ರನೊಬ್ಬ ಮಾತ್ರ ಇನ್ನೂ ನಮ್ಮವನು ಎಂಬ ಹೆಮ್ಮೆ. ಆ ಕೆಲಸಕ್ಕೆ ಸುಳ್ಳಾಡದವರನ್ನೇ ಆರಿಸಿದ್ದರು: ಕುಂಬಾರ ಅಜ್ರೀಕಾಮ ಮತ್ತು ಮುದುಕ ಹಷೂಬ.

ಮೂರು ವರ್ಷದ ಹಿಂದೆ, ಹತ್ತನೆಯ ತಿಂಗಳಿಗಾಗಿ ಕಾದ ಸಂಜೆ, ಅಜ್ರೀಕಾಮನು ಆವಿಗೆಗೆ ಬೆಂಕಿ ಹಾಕಿ ಬಂದಿದ್ದ. ಒಳಗೆ ನಲವತ್ತು ದೊಡ್ಡ ಗಡಿಗೆಗಳು. ಕಾಲುವೆಯಿಂದ ಮಂಜು ಏಳುತ್ತಿತ್ತು. ಪಡುವಣದಲ್ಲಿ ಮೋಡ ಒದ್ದೆ ಕಂಬಳಿಯಂತೆ ಬಿದ್ದುಕೊಂಡಿತ್ತು. ಹಷೂಬನು ಕೆಮ್ಮುತ್ತ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ.

"ಅಗೋ, ಗೆರೆ ಥರ ಏನೋ ಕಂಡ ಹಾಗಾಯ್ತಪ್ಪ. ನಿನಗೆ?"

"ಎಲ್ಲಿ ಅಜ್ಜ?"

"ಆ ಖರ್ಜೂರದ ಮರದ ಬಲಕ್ಕೆ. ಈಗ ಮುಚ್ಚಿಹೋಯ್ತು. ಕಂಡೆ ಅನ್ನು ಮಾರಾಯ, ನನ್ನ ಮಂಡಿ ಹಿಡಿದುಹೋಗಿದೆ, ಇನ್ನೊಂದು ಗಳಿಗೆ ನಿಂತ್ರೆ ನೀನೇ ಹೊತ್ಕೊಂಡು ಇಳೀಬೇಕು."

ಅಜ್ರೀಕಾಮನು ಆಗ ಚಂದ್ರನ ಕಡೆ ನೋಡುತ್ತಿರಲಿಲ್ಲ. ಅವನು ನೋಡುತ್ತಿದ್ದುದು ಮೂಡಣಕ್ಕೆ, ತನ್ನ ಆವಿಗೆಯ ಹೊಗೆಯನ್ನು. ಹೊಗೆ ತೆಳುವಾಗುತ್ತಿತ್ತು. ಈಗ ಸೌದೆ ಹಾಕದಿದ್ದರೆ ಬೆಂಕಿ ಕುಗ್ಗಿ ನಲವತ್ತೂ ಬಿರುಕು ಬಿಡುತ್ತವೆ.

"ಕಂಡೆ," ಎಂದ.

ಕೊಂಬು ಊದಿದರು. ಅವನು ಓಡಿದ. ನಲವತ್ತರಲ್ಲಿ ಒಂದೂ ಒಡೆಯಲಿಲ್ಲ. ಮರುದಿನ ಕಾಲುವೆಯ ಬಾಬೆಲಿನ ಗುಮಾಸ್ತ, "ನಿಮ್ಮ ತಿಂಗಳು ನಿನ್ನೇನೇ ಹುಟ್ಟಿತಂತಲ್ಲ? ಅವಸರದ ಹೆರಿಗೆ," ಎಂದಾಗ ನಮ್ಮವರೆಲ್ಲ ಅವನನ್ನೇ ಗೇಲಿಮಾಡಿದರು. ಅಜ್ರೀಕಾಮನೂ ನಕ್ಕ. ಆ ತಿಂಗಳು ಇಲ್ಲಿ ಒಂದು ದಿನ ಮುಂಚೆ ಹುಟ್ಟಿತ್ತು. ಯೆರೂಸಲೇಮಿನಲ್ಲಿ ಹತ್ತು ಎಂದು ಎಣಿಸಿದ ದಿನವನ್ನು ಇಲ್ಲಿ ಹನ್ನೊಂದು ಎಂದು ಎಣಿಸಿದರು. ಮುಂದಿನ ತಿಂಗಳು ಚಂದ್ರ ಎಲ್ಲರಿಗೂ ಕಂಡ, ಎಣಿಕೆ ತಾನಾಗಿ ಸರಿಹೋಯಿತು. ಹಷೂಬನು ಮರುವರ್ಷದ ಚಳಿಯಲ್ಲಿ ತೀರಿಕೊಂಡ. ಆಮೇಲೆ ಆ ಮಾತು ಅಜ್ರೀಕಾಮನೊಬ್ಬನಲ್ಲೇ ಉಳಿಯಿತು. ಒಂದು ದಿನ ತಾನೇ ಎಂದುಕೊಂಡು ಅವನೂ ಮರೆತಿದ್ದ.

ಬೋಕಿಯನ್ನಿಟ್ಟ ಗಡಿಗೆಯೂ ಆ ನಲವತ್ತರಲ್ಲಿ ಒಂದು.

ಏಳನೆಯ ದಿನ ಯಾಜನ್ಯನು ತಾನೇ ರೊಟ್ಟಿ ತಂದ. ಅವನ ಅಂಗಿಯ ಕೊರಳೂ ಹರಿದಿತ್ತು. ತಮ್ಮಂದಿರ ಸುದ್ದಿಯನ್ನು ಕೊನೆಗೂ ಕೇಳಿದ್ದ. ಪ್ರವಾದಿ ಇನ್ನೂ ಬಂದಿರಲಿಲ್ಲ. ಯಾಜನ್ಯನು ದನಿ ತಗ್ಗಿಸಿದ.

"ನಾಳೆ ಬೆಳಿಗ್ಗೆ ಹಿರಿಯರು ಸೇರ್ತಾರೆ. ಯೆಕಮ್ಯನನ್ನ ವಾರವಾರದ ಸಬ್ಬತ್ತಿನ ಕೂಟಕ್ಕೆ ಸೇರಿಸಬಾರದು, ಕಾಲುವೆ ಆಚೆ ಹೋಗಿ ಇರ್ಲಿ ಅಂತ ಮಾತಾಗಿದೆ."

"ಅಷ್ಟು ದೂರಕ್ಕೆ ಹೋಯ್ತಾ?"

"ನೋಡಪ್ಪ, ಊರು ಬೀಳುತ್ತೆ ಅಂದ, ಬಿತ್ತು. ಕೆಟ್ಟದ್ದು ಹೇಳೋಕೆ ಯಾರಿಗೆ ಬರಲ್ಲ? ಈಗ ಹೊಸದೊಂದು ಶುರು ಮಾಡಿದ್ದಾನೆ, ನಮ್ಮ ಮಕ್ಕಳು ತಿರುಗಿ ಹೋಗ್ತಾರೆ, ಊರು ಮತ್ತೆ ಏಳುತ್ತೆ ಅಂತ. ನನಗೂ ನಂಬೋ ಆಸೆ ಇಲ್ವಾ? ಆದ್ರೆ ದಿನವೇ ತಪ್ಪಿದವನ ಮಾತು ನಂಬ್ಕೊಂಡು ಮೊಮ್ಮಕ್ಕಳನ್ನ ಕಾಯಿಸ್ಲಾ? ದೇವರ ಮಾತು ಅಂದ್ಮೇಲೆ ಒಂದು ದಿನ ತಪ್ಪಿದ್ರೂ ತಪ್ಪೇ."

"ಒಂದು ದಿನ," ಎಂದ ಅಜ್ರೀಕಾಮ.

"ಹೂಂ. ಒಂದು ದಿನ."

ಅವನು ಹೋದ ಮೇಲೆ ರೊಟ್ಟಿ ಇಬ್ಬರ ನಡುವೆ ಹಾಗೆಯೇ ಉಳಿಯಿತು.

ಮರುದಿನ, ತಿಂಗಳ ಒಂಬತ್ತನೆಯ ದಿನ, ಇಬ್ಬರೂ ನೆಲದಿಂದ ಎದ್ದರು. ಹೊಗ್ಲಾ ಬೂದಿ ಗುಡಿಸಿ ಮುಖ ತೊಳೆದುಕೊಂಡು ಬಂದಳು. ಅವಳ ಮಾತು ಎಂದಿನಂತೆ ನೇರವಾಗಿತ್ತು.

"ನಾಳೆ ಹತ್ತು. ನಾಡಿದ್ದು ಹನ್ನೊಂದು. ನಾನು ಯಾವತ್ತು ಉಪವಾಸ ಇರ್ಲಿ? ಆ ಹುಡುಗ ಹತ್ತು ಅಂದ. ಅಯ್ಯನೋರ ಬೋಕಿ ಹನ್ನೊಂದು ಅನ್ನುತ್ತೆ. ಬದುಕಿರೋವರೆಗೂ ಪ್ರತಿ ವರ್ಷ ಇದೇ ಗೊಂದಲಾನಾ? ಎರಡು ದಿನಾನೂ ಇರೋಣ ಅಂದ್ರೆ ಇರ್ತೀನಿ, ಹೊಟ್ಟೆ ಏನೂ ಕೇಳಲ್ಲ. ಆದ್ರೆ ನನ್ನ ಮಗಳು ಎರಡು ಸಲ ಸತ್ತಿಲ್ಲ."

ಅಜ್ರೀಕಾಮನು ಬಾಗಿಲ ಕಂಬ ಹಿಡಿದು ನಿಂತಿದ್ದ. ದಿಬ್ಬ, ಮೋಡ, ಹಷೂಬನ ಮಂಡಿ, ಆವಿಗೆಯ ಹೊಗೆ, ಎಲ್ಲವನ್ನೂ ಹೇಳಿದ. ಹೇಳುವಾಗ ಇನ್ನೊಂದೂ ಸೇರಿಕೊಂಡಿತು: "ಅಯ್ಯನೋರು ಬೋಕಿ ಕೇಳಿದಾಗ ನಾನು ನಗ್ತಾ ಇದ್ದೆ ಕಣೇ. ಅದೇ ಹೊತ್ನಲ್ಲಿ ಅಲ್ಲಿ ಅವಳು..."

ಹೊಗ್ಲಾ ಅಂಚು ಹರಿದ ಬಟ್ಟೆಯನ್ನು ತಲೆಗೆ ಸುತ್ತಿಕೊಂಡಳು.

"ನಲವತ್ತು ಗಡಿಗೆಗೆ ಚಂದ್ರನನ್ನ ಮಾರಿಬಿಟ್ಯಲ್ಲ," ಎಂದಳು. ಬೈಗುಳದ ದನಿಯಿರಲಿಲ್ಲ, ದಣಿವಿನ ದನಿ. "ನಕ್ಕಿದ್ದು ಬಿಡು. ನಿನಗೇನು ಗೊತ್ತಿತ್ತು. ಇದು ಗೊತ್ತಿತ್ತಲ್ಲ, ಏಳು ದಿನ ಪಕ್ಕದಲ್ಲೇ ಕೂತು ಹೇಳ್ಲಿಲ್ಲವಲ್ಲ. ಅಯ್ಯನೋರೂ ಇಲ್ಲೇ ಕೂತಿದ್ರು, ಅವರ ಮುಖ ನೋಡ್ಕೊಂಡೇ ರೊಟ್ಟಿ ತಿಂದ್ಯಲ್ಲ."

"ದಿಬ್ಬ ಹತ್ತೋ ಕೆಲಸ ಹೋಗುತ್ತೆ ಅಂತ..."

"ಹೋಗ್ಲಿ. ನಡಿ. ಹಿರಿಯರು ಸೇರಿರ್ತಾರೆ."

ಹಿರಿಯರು ಕಾಲುವೆಯ ದಡದಲ್ಲಿ ನೀರಂಚಿನ ಮರಗಳ ಕೆಳಗೆ ಕುಳಿತಿದ್ದರು. ಶೆಫಟ್ಯನಿಗೆ ಒಂದು ಚಾಪೆ ಕೊಟ್ಟಿದ್ದರು. ಯೆಕಮ್ಯನು ಸ್ವಲ್ಪ ಆಚೆ, ನೀರನ್ನು ನೋಡುತ್ತ ನಿಂತಿದ್ದ. ಬೋಕಿ ನಡುವೆ ಒಂದು ಕಲ್ಲಿನ ಮೇಲಿತ್ತು. ಅಜ್ರೀಕಾಮನು ಕುಳಿತುಕೊಳ್ಳದೆ ನಿಂತೇ ಹೇಳಿದ. ಹೆಂಡತಿಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ ಹೇಳಿದ.

"ಆ ತಿಂಗಳ ಚಂದ್ರ ನನಗೆ ಕಾಣಲಿಲ್ಲ. ಕಂಡೆ ಅಂದೆ. ತಿಂಗಳು ಒಂದು ದಿನ ಮುಂಚೆ ಹುಟ್ಟಿದ್ದು ನನ್ನ ಬಾಯಿಂದ. ಅಯ್ಯನೋರು ದಿನ ಸರಿಯಾಗಿಯೇ ಕಂಡ್ರು. ಲೆಕ್ಕ ತಪ್ಪು ಕೊಟ್ಟವನು ನಾನು."

ಒಬ್ಬ ಮುದುಕ ತಲೆ ಚಚ್ಚಿಕೊಂಡ. "ಅಯ್ಯೋ, ಆ ತಿಂಗಳ ಉಪವಾಸ, ಹೊಸ ಚಂದ್ರನ ಕೂಟ, ಎಲ್ಲಾ ತಪ್ಪಿದ ದಿನವೇ ಮಾಡಿದ್ವಲ್ಲಪ್ಪ!"

ಯಾಜನ್ಯನು ಎದ್ದು ನಿಂತ. ಅವನ ಮುಖ ಕೆಂಪಾಗಿತ್ತು.

"ಆವತ್ತು ಸುಳ್ಳು ಹೇಳಿದ್ಯೋ, ಇವತ್ತು ಹೇಳ್ತಾ ಇದ್ದೀಯೋ? ಏಳು ದಿನ ಯೆಕಮ್ಯ ನಿನ್ನ ಮನೇಲಿ ಕೂತಿದ್ದ. ಅವನ ಮೇಲೆ ಕನಿಕರ ಬಂದು ಹೀಗೆ ಹೇಳ್ತಿಲ್ಲ ಅಂತ ನಾವು ಹೇಗೆ ನಂಬೋದು? ಹಷೂಬಜ್ಜ ಬಂದು ಸಾಕ್ಷಿ ಹೇಳ್ತಾನಾ?"

ಒಮ್ಮೆ ಸುಳ್ಳಾಡಿದವನ ಬಾಯಲ್ಲಿ ನಿಜವೂ ಕುಂಟುತ್ತದೆ ಎಂಬುದು ಅಜ್ರೀಕಾಮನಿಗೆ ಆ ಗಳಿಗೆಯಲ್ಲಿ ತಿಳಿಯಿತು.

ಆಗ ಹಿಂದಿನಿಂದ ಹೊಗ್ಲಾ ಬಂದಳು. ಹಿರಿಯರ ಕೂಟಕ್ಕೆ ಹೆಂಗಸರು ಬರುವ ವಾಡಿಕೆಯಿಲ್ಲ. ಅವಳು ಯಾರನ್ನೂ ಕೇಳಲಿಲ್ಲ, ನೇರ ಶೆಫಟ್ಯನ ಮುಂದೆ ಹೋಗಿ ನಿಂತಳು.

"ಮಗಾ, ಹತ್ತು ಹನ್ನೊಂದು ಬಿಡು. ವಾರದಲ್ಲಿ ಅದು ಯಾವ ದಿನ?"

ಶೆಫಟ್ಯನು ಕಣ್ಣು ಮುಚ್ಚಿ ಯೋಚಿಸಿದ. "ಸಬ್ಬತ್ತಿನ ಮರುದಿನ ಅಮ್ಮ. ಅದಕ್ಕೇ ಬುಗ್ಗೆ ಹತ್ರ ಅಷ್ಟು ಜನ. ಹಿಂದಿನ ದಿನ ಕೆಲಸ ಮಾಡೋ ಹಾಗಿಲ್ಲ, ಯಾರೂ ನೀರು ಹೊತ್ತಿರಲಿಲ್ಲ, ಎಲ್ಲರ ಮನೇಲೂ ಕೊಡ ಖಾಲಿ."

"ಖಂಡಿತಾ?"

"ಖಾಲಿ ಕೊಡ ಇರ್ದಿದ್ರೆ ಅವಳು ಬದುಕ್ತಿದ್ಲು ಅಂತ ಅವಳ ಗಂಡ ಸಾಯೋವರೆಗೂ ಹೇಳ್ತಿದ್ದ."

ಹೊಗ್ಲಾ ಯಾಜನ್ಯನ ಕಡೆ ತಿರುಗಿದಳು. "ಅಯ್ಯನೋರು ಬೋಕಿ ಕೇಳೋಕೆ ನಮ್ಮ ಅಂಗಳಕ್ಕೆ ಬಂದಿದ್ದು ಸಬ್ಬತ್ತಿನ ಮರುದಿನ ಬೆಳಿಗ್ಗೆ. ನನ್ನ ಒಲೆ ಆಗಿನ್ನೂ ಹೊತ್ತಿರಲಿಲ್ಲ. ನಿಮ್ಮನ್ನೂ ಕರೆಸಿದ್ರಲ್ಲ, ನೀವೂ ಬಂದ್ರಿ. ಬಿಸಿ ರೊಟ್ಟಿ ಇಲ್ವಾ ಅಂದ್ರಿ. ಸಬ್ಬತ್ತಿಗೆ ಮುಂಚೆ ಸುಟ್ಟಿದ್ದ ರೊಟ್ಟಿ ಕೊಟ್ಟೆ. ತಿಂದು ಏನಂದ್ರಿ ಹೇಳಿ."

ಯಾಜನ್ಯನು ಕಲ್ಲಿನ ಮೇಲಿದ್ದ ಬೋಕಿಯ ಕಡೆ ತಿರುಗಿದ.

"ನೀವು ಹೇಳದಿದ್ರೆ ನಾನು ಹೇಳ್ತೀನಿ. 'ಕುಂಬಾರನ ಹೆಂಡ್ತಿ ರೊಟ್ಟೀನೂ ಆವಿಗೇಲೇ ಸುಡ್ತಾಳೋ ಏನೋ, ಹಲ್ಲು ಹೋಯ್ತು' ಅಂದ್ರಿ. ಮೂರು ವರ್ಷ ಆಯ್ತು, ನಾನು ಮರೆತಿಲ್ಲ."

ಒಬ್ಬಿಬ್ಬರು ತಡೆಯಲಾರದೆ ನಕ್ಕರು. ಯಾಜನ್ಯನು ನಗಲಿಲ್ಲ, ಆದರೆ ಅವನ ಭುಜ ಇಳಿಯಿತು. ಅವನು ಮೆಲ್ಲನೆ ಕುಳಿತುಕೊಂಡ.

"ಅಂದಿದ್ದು ನಿಜ," ಎಂದ. "ಎರಡು ದಿನದ ಹಿಂದಿನ ರೊಟ್ಟಿ. ಸಬ್ಬತ್ತಿನ ಮರುದಿನವೇ." ಸ್ವಲ್ಪ ಹೊತ್ತಾದ ಮೇಲೆ, "ತಿಂಗಳು ತಪ್ಪಬಹುದು. ವಾರ ಅಲ್ಲೂ ಒಂದೇ, ಇಲ್ಲೂ ಒಂದೇ," ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಂಡ. ಆಮೇಲೆ ಎದ್ದು ಯೆಕಮ್ಯನ ಹತ್ತಿರ ಹೋದ. ಏನು ಹೇಳಿದನೋ ಯಾರಿಗೂ ಕೇಳಿಸಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ನೀರಿನ ಕಡೆ ನೋಡುತ್ತ ನಿಂತಿದ್ದರು. ಯಾಜನ್ಯನು ಅಳುತ್ತಿದ್ದ. ತಮ್ಮಂದಿರಿಗಾಗಿ ಅವನು ಅತ್ತದ್ದು ಅದೇ ಮೊದಲು.

ಅಜ್ರೀಕಾಮನು ಸೊಂಟದಲ್ಲಿದ್ದ ಟಗರಿನ ಕೊಂಬನ್ನು ಬಿಚ್ಚಿ ಕಲ್ಲಿನ ಮೇಲಿಟ್ಟ. "ಇನ್ನು ದಿಬ್ಬಕ್ಕೆ ಬೇರೆಯವರನ್ನ ನೋಡ್ಕೊಳ್ಳಿ," ಎಂದ. ಬೇಡವೆಂದು ಯಾರೂ ಹೇಳಲಿಲ್ಲ. ಹೇಳಬೇಕಾದ್ದೂ ಅಲ್ಲ.

ಯೆಕಮ್ಯನು ಬಂದು ಬೋಕಿಯನ್ನು ಕೈಗೆ ತೆಗೆದುಕೊಂಡ. ಮಸಿಯ ಅಕ್ಷರ ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಅಜ್ರೀಕಾಮನು ತನ್ನ ಅಂಗಿಯ ಅಂಚನ್ನು ಕಾಲುವೆಯ ನೀರಲ್ಲಿ ಅದ್ದಿ ತಂದ.

"ಒರೆಸಿಬಿಡಿ ಅಯ್ಯನೋರೇ. ಸರಿಯಾದ ದಿನ ಬರೀರಿ."

"ಬೇಡ. ನಾನು ಬರೆದದ್ದು ಹಾಗೇ ಇರಲಿ. ಅದರ ಕೆಳಗೆ ನೀನು ಬರಿ."

"ನನ್ನ ಅಕ್ಷರ ಗಡಿಗೆಯ ಗುರುತಿಗಷ್ಟೇ ಸಾಕು."

"ಅಷ್ಟೇ ಸಾಕು."

ಅಜ್ರೀಕಾಮನು ದಪ್ಪ ಬೆರಳಲ್ಲಿ ಲೇಖನಿ ಹಿಡಿದು, ಹಸಿಮಣ್ಣಿನ ಮೇಲೆ ಗೀರುವವನಂತೆ ಒತ್ತಿ ಒತ್ತಿ ಬರೆದ: 'ಚಂದ್ರನನ್ನು ಕಂಡೆನೆಂದವನು ಕಾಣಲಿಲ್ಲ. ದಿನ ಹತ್ತು.' ಕೆಳಗೆ ತನ್ನ ಗಡಿಗೆಗಳ ಹಿಡಿಯ ಮೇಲೆ ಒತ್ತುವ ಗುರುತನ್ನು ಹಾಕಿದ. ಬರೆದದ್ದು ಸೊಟ್ಟಗಿತ್ತು. ಪ್ರವಾದಿ ಅದನ್ನು ಒಮ್ಮೆ ಓದಿ, ಆರಲೆಂದು ಬಿಸಿಲಿಗಿಟ್ಟ.

ಮರುದಿನ ಹತ್ತು. ಬೆಳಗಿನ ಬಿಸಿಲು ಏರುವ ಮುಂಚೆಯೇ ಹೊಗ್ಲಾ ಅಂಗಳ ಗುಡಿಸಿ ಚಾಪೆಯಿಲ್ಲದೆ ಕುಳಿತಳು. ಮುಂದೆ ಒಂದು ಖಾಲಿ ಕೊಡ ಇಟ್ಟುಕೊಂಡಿದ್ದಳು. ಶೆಫಟ್ಯ ಬಂದ, ಯೆಕಮ್ಯ ಬಂದ. ಕೊನೆಗೆ ಯಾಜನ್ಯನೂ ಬಂದು ಆವಿಗೆಯ ಗೋಡೆಗೆ ಬೆನ್ನು ಕೊಟ್ಟು ಕುಳಿತ. ಆವಿಗೆ ಆರಿತ್ತು, ಅಂದು ಅದಕ್ಕೆ ಬೆಂಕಿಯಿಲ್ಲ.

ಎಲ್ಲರೂ ಯೆಕಮ್ಯನ ಕಡೆ ನೋಡಿದರು. ಅವನು ಅಜ್ರೀಕಾಮನ ಕಡೆ ನೋಡಿದ.

ಅಜ್ರೀಕಾಮನು ಯೆರೂಸಲೇಮು ಇದ್ದ ದಿಕ್ಕಿಗೆ ತಿರುಗಿ, ಮಣ್ಣು ಮೆತ್ತಿದ ಎರಡು ಕೈಗಳನ್ನೂ ಮೇಲೆತ್ತಿದ. ದೊಡ್ಡ ಮಾತು ಅವನಿಗೆ ಬರುತ್ತಿರಲಿಲ್ಲ.

"ನಮ್ಮನ್ನು ಮಣ್ಣಿನಿಂದ ಮಾಡಿದವನೇ, ನಾನು ತಪ್ಪಾಗಿ ಎಣಿಸಿದ ದಿನವನ್ನೂ ನೀನು ಸರಿಯಾಗಿ ಬಲ್ಲೆ. ಈ ದಿನ ನನ್ನ ಅತಾರಾ ಖಾಲಿ ಕೊಡ ಹಿಡಿದು ನಿನ್ನ ಕಡೆ ಬಂದಳು. ಅವಳಿಗೆ ಬಾಗಿಲು ತೆರೆದಿರಲಿ. ಅವಳ ಕೊಡ ತುಂಬಲಿ. ನಮ್ಮ ಹಿರಿಯರ ಪಕ್ಕದಲ್ಲಿ ಅವಳಿಗೆ ಜಾಗ ಸಿಗಲಿ. ಅವಳ ಗಂಡನನ್ನೂ, ಈ ಯಾಜನ್ಯನ ತಮ್ಮಂದಿರನ್ನೂ, ಮಣ್ಣು ಸಿಗದವರೆಲ್ಲರನ್ನೂ ನೀನೇ ಹುಡುಕಿ ಅವಳ ಹತ್ತಿರ ಸೇರಿಸು. ಇನ್ನು ಅವಳನ್ನು ಯಾರೂ ನೂಕದಿರಲಿ. ನನ್ನ ಮಗಳು ನೆಮ್ಮದಿಯಿಂದ ಮಲಗಲಿ, ಕರ್ತನೇ, ನೆಮ್ಮದಿಯಿಂದ ಮಲಗಲಿ."